ಡೌನ್‌ಟನ್ ಆ್ಯಬಿ ಕೊನೆಯ ಕಂತು: ಕಾರ್ಸನ್‌ನ ಕೈ ನಡುಗಿದಾಗ ಆ ಮಾತನ್ನು ಯಾರು ಆಡಬೇಕಿತ್ತು?

ಪ್ರಶ್ನೆ: ತೋಟದಮನೆ, ಸಿರಸಿ

ಮೊನ್ನೆ ರಾತ್ರಿ ಡೌನ್‌ಟನ್ ಆ್ಯಬಿಯ ಕೊನೆಯ ಕಂತು ನೋಡಿ ಮುಗಿಸಿದೆ. ಆರಿದ್ರಾ ಮಳೆ ಹಿಡಿದ ವಾರ ಮೊದಲನೆಯದನ್ನು ನೋಡಿದ್ದೆ. 52ನೆಯ ಕಂತು ಮುಗಿಯುವ ಹೊತ್ತಿಗೆ ಅಂಗಳದ ಅಟ್ಟದ ಮೇಲೆ ಚಾಲಿ ಅಡಿಕೆ ಒಣಗಲು ಹರವಿದ್ದಾಗಿದೆ. ಮಗ ಬಿಟ್ಟುಹೋದ ಟ್ಯಾಬ್‌ನಲ್ಲಿ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇದ್ದ ರಾತ್ರಿಗಳಲ್ಲಿ, ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದುತ್ತ ನೋಡಿದವಳು ನಾನು. ತಿಳಿಯದ ಕಡೆ ನಿಲ್ಲಿಸಿ ಸೊಸೆಯನ್ನು ಕರೆಯುತ್ತಿದ್ದೆ. ಬ್ರಿಟನ್ನಿನಲ್ಲಿ ಇದು 2015ರ ಕ್ರಿಸ್‌ಮಸ್ ದಿನವೇ ಮುಗಿದುಹೋದ ಧಾರಾವಾಹಿ. ಉಳಿದವರೆಲ್ಲ ಮಾತಾಡಿ ಮುಗಿಸಿರಬಹುದು, ಆದರೆ ನನಗೆ ಇದು ಮೊನ್ನೆಯ ಸಂಗತಿ.

ನೋಡದವರಿಗಾಗಿ ಎರಡು ಮಾತು. 1912ರಲ್ಲಿ ಟೈಟಾನಿಕ್ ಮುಳುಗಿದ ಸುದ್ದಿ ಬಂದಲ್ಲಿಂದ ಕಥೆ ಹೊರಟು 1925ರ ಕೊನೆಯ ರಾತ್ರಿಗೆ ಬಂದು ನಿಲ್ಲುತ್ತದೆ. ಯಾರ್ಕ್‌ಷೈರಿನ ಒಂದು ದೊಡ್ಡ ಮನೆ. ಮೇಲೆ ಲಾರ್ಡ್ ಗ್ರಾಂಥಮ್‌ನ ಸಂಸಾರ, ಕೆಳಗೆ ಅಡುಗೆಮನೆ, ಆಳುಕಾಳು. ಕಾರ್ಸನ್ ಆ ಮನೆಯ ಬಟ್ಲರ್. ಬೀಗದ ಕೈಯಿಂದ ಹಿಡಿದು ಯಾವ ಊಟಕ್ಕೆ ಯಾವ ಲೋಟ ಎನ್ನುವವರೆಗೆ ಎಲ್ಲವೂ ಅವನ ಸುಪರ್ದಿನಲ್ಲಿ.

ಕೊನೆಯ ಕಂತಿನ ಬಗ್ಗೆ ಬರೆದವರೆಲ್ಲ ಆ ಮನೆಯ ನಡುವಿನ ಮಗಳು ಈಡಿತ್‌ಳ ಮದುವೆಯ ಬಗ್ಗೆಯೇ ಬರೆದಿದ್ದಾರೆ. ಸರಿಯೇ. ಒಮ್ಮೆ ಮದುವೆಯ ಮಂಟಪದಲ್ಲೇ ಬಿಟ್ಟುಹೋದ ವರ, ಆಮೇಲೆ ಜರ್ಮನಿಯಲ್ಲಿ ಕೊಲೆಯಾದ ಪ್ರಿಯಕರ, ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಸಾಕುಮಗು ಎಂದು ಹೇಳಿಕೊಳ್ಳಬೇಕಾದ ಬದುಕು. ಅಷ್ಟನ್ನು ಉಂಡ ಹುಡುಗಿ ತನ್ನ ಭಾವಿ ಅತ್ತೆಯ ಮುಂದೆ ಕುಳಿತು ಮಾರಿಗೋಲ್ಡ್ ತನ್ನದೇ ಮಗು ಎಂದು ತಾನಾಗಿ ಹೇಳುತ್ತಾಳಲ್ಲ, ಅಲ್ಲಿ ನನಗೂ ಕಣ್ಣೀರು ಬಂತು. ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಕಾರ್ಸನ್‌ನ ಕೈ.

ಆ ಕೈಯನ್ನು ಕ್ಯಾಮೆರಾ ಹತ್ತಿರ ಹೋಗಿ ತೋರಿಸುತ್ತದೆ. ಬಗ್ಗಿಸುವಾಗ ಬಾಟಲಿಯ ಬಾಯಿ ಲೋಟದ ಅಂಚಿನ ಮೇಲೆ ನಿಲ್ಲುವುದಿಲ್ಲ, ಓಡಾಡುತ್ತದೆ. ಅವನ ಮುಖ ಮಾತ್ರ ಎಂದಿನ ಹಾಗೆಯೇ ಇರುತ್ತದೆ. ತಂದೆಗೂ ಅಜ್ಜನಿಗೂ ಇದೇ ನಡುಕ ಬಂದಿತ್ತು, ಅಲ್ಲಿಗೆ ಅವರ ಕೆಲಸ ಮುಗಿದಿತ್ತು ಎಂದು ಅವನಿಗೆ ಮೊದಲೇ ಗೊತ್ತು. ಮದುವೆಯ ದಿನ ಎಲ್ಲರ ನಡುವೆ ಅವನು ಬಗ್ಗಿಸಲಾರದೆ ನಿಂತಾಗ, ಮೊದಲು ಇದೇ ಮನೆಯಲ್ಲಿ ಆಳಾಗಿದ್ದು ಬೇರೆ ಮನೆಗೆ ಕೆಲಸಕ್ಕೆ ಹೋಗಿದ್ದ ಬ್ಯಾರೋ ಮುಂದೆ ಬಂದು ಕೈ ಜೋಡಿಸುತ್ತಾನೆ. ಅಲ್ಲಿಯೇ, ಆ ಗದ್ದಲದ ನಡುವೆಯೇ ತೀರ್ಮಾನವಾಗಿಬಿಡುತ್ತದೆ: ಬ್ಯಾರೋ ಇನ್ನು ಬಟ್ಲರ್, ಕಾರ್ಸನ್ ಹಿರಿಯನಾಗಿ ಮೇಲುಸ್ತುವಾರಿ ನೋಡಿಕೊಳ್ಳಲಿ, ಪಿಂಚಣಿ ಕೊಡೋಣ. ಕಾರ್ಸನ್ ಒಪ್ಪುತ್ತಾನೆ. ಎಲ್ಲರಿಗೂ ಸಮಾಧಾನ. ಗಡಿಯಾರ ಹನ್ನೆರಡು ಹೊಡೆಯುತ್ತದೆ.

ನನಗೆ ಸಮಾಧಾನವಾಗಲಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಅಡಿಕೆ ತೋಟಕ್ಕೆ 34 ವರ್ಷ ಒಬ್ಬನೇ ಕೊನೆಗೌಡ ಬಂದ, ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವನು. ನಾನು ಮದುವೆಯಾಗಿ ಬಂದ ವರ್ಷವೇ ಅವನೂ ಬಂದದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವುದು, ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು, ಆಮೇಲೆ ಕೊನೆ ಕೊಯ್ಲು, ಎಲ್ಲ ಅವನದೇ. ಒಂದು ಮರ ಮುಗಿದರೆ ಕೆಳಗಿಳಿಯುತ್ತಿರಲಿಲ್ಲ. ಮರವನ್ನೇ ಬಾಗಿಸಿ ಪಕ್ಕದ ಮರದ ತಲೆ ಹಿಡಿದು ದಾಟುತ್ತಿದ್ದ. ಕೊನೆಯನ್ನು ಹಗ್ಗದ ಮೇಲೆ ಬಿಟ್ಟರೆ ಕೆಳಗೆ ಹಿಡಿದವನ ಕೈಗೆ ಒಂದು ಅಡಿಕೆಯೂ ಉದುರದೆ ಬಂದು ಸೇರುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೊನೆ ಹಗ್ಗಕ್ಕೆ ಕೂರಲಿಲ್ಲ. ನೇರವಾಗಿ ಬುಡಕ್ಕೆ ಬಿದ್ದು ಒಡೆಯಿತು, ಕಾಯಿ ಕಾಲುವೆಯಲ್ಲಿ ಚೆಲ್ಲಿತು. ಮುಂದಿನ ಮರದಲ್ಲೂ ಹಾಗೆಯೇ. ತಲೆಯೆತ್ತಿ ನೋಡಿದರೆ ಮರ ತಬ್ಬಿದ ಅವನ ಎಡಗೈ ಒಳ್ಳೆಯದಿತ್ತು, ಕತ್ತಿ ಹಿಡಿದ ಬಲಗೈ ನಡುಗುತ್ತಿತ್ತು. ಹತ್ತು ಗಂಟೆಯ ಚಹಾ ಹೊತ್ತಿಗೆ ನಮ್ಮ ಯಜಮಾನರು ಎಲ್ಲರ ಎದುರಿಗೆ ಹೇಳಿದರು, "ನೀನು ಇನ್ನು ಕೆಳಗೆ ಹಗ್ಗ ಹಿಡಿ, ಮೇಲೆ ಹುಡುಗ ಹತ್ತಲಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಿದ್ದರೆ ಗತಿಯೇನು ಎಂಬ ಹೆದರಿಕೆಯಿಂದ ಹೇಳಿದ್ದು. ಅವನು ಲೋಟ ಕೆಳಗಿಟ್ಟ. ಆ ದಿನ ಸಂಜೆಯವರೆಗೆ ಹಗ್ಗ ಹಿಡಿದ. ಮರುದಿನದಿಂದ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಂಥ ಮಾತನ್ನು ಹೇಳಲೇಬೇಕಾಗುತ್ತದೆ, ಅದು ನನಗೂ ಗೊತ್ತು. ಆದರೆ ಯಾರು ಹೇಳಬೇಕಿತ್ತು, ಎಲ್ಲಿ ಹೇಳಬೇಕಿತ್ತು? ಕೊನೆಯ ಕಂತು ಅದನ್ನು ಸರಿಯಾಗಿ ಮಾಡಿದೆ ಎಂದು ನಿಮಗೆ ಅನ್ನಿಸಿತೇ? ನಿಧಾನವಾಗಿ ಯೋಚಿಸಿ ಬರೆಯಿರಿ.

ಉತ್ತರ: ನಿವೃತ್ತ ದಾದಿ, ಕಾರವಾರ

ಅಮ್ಮಾ, ಮೊದಲು ಕೈಯ ವಿಷಯ. ಸುಮ್ಮನೆ ತೊಡೆಯ ಮೇಲೆ ಇಟ್ಟಾಗ ನಡುಗುವ ಕೈ ಬೇರೆ, ಕೆಲಸಕ್ಕೆ ಚಾಚಿದಾಗ ನಡುಗುವ ಕೈ ಬೇರೆ. ಮೊದಲನೆಯದು ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಚ್ಚು. ಎರಡನೆಯದರಲ್ಲಿ ಲೋಟ ತುಂಬುವಾಗ, ಸೂಜಿಗೆ ದಾರ ಪೋಣಿಸುವಾಗ ನಡುಕ ಎದ್ದು ಕಾಣುತ್ತದೆ, ಅದು ಮನೆತನದಲ್ಲಿ ಇಳಿದು ಬರುವುದು ಸಾಮಾನ್ಯ. ಕಾರ್ಸನ್‌ನ ಅಜ್ಜ, ಅಪ್ಪ, ಆಮೇಲೆ ಅವನು ಎನ್ನುವುದನ್ನು ನೋಡಿದರೆ ಬರೆದವರು ಈ ಎರಡನೆಯದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎನಿಸುತ್ತದೆ. ಇಂದು ಅದನ್ನು ತಗ್ಗಿಸುವ ಮಾತ್ರೆಗಳಿವೆ. 1925ರಲ್ಲಿ ಆ ಮಾತ್ರೆಗಳಿರಲಿಲ್ಲ. ನಿಮ್ಮ ಕೊನೆಗೌಡನ ಕೈಯೂ ಕತ್ತಿ ಹಿಡಿದಾಗ ನಡುಗುತ್ತಿತ್ತು ಎಂದಿದ್ದೀರಿ. ಯಾರಾದರೂ ಅವನನ್ನು ವೈದ್ಯರಿಗೆ ತೋರಿಸಿದ್ದಾರೆಯೇ? ವಯಸ್ಸು ಎಂದು ಸುಮ್ಮನಾಗಿದ್ದರೆ ದಯವಿಟ್ಟು ಕರೆದುಕೊಂಡು ಹೋಗಿ.

ನನ್ನ ಕಣ್ಣು ಮಾತ್ರ ಕೊನೆಯ ಕಂತಿನುದ್ದಕ್ಕೂ ಮನೆಯ ಹಿರಿಯ ಮಗಳು ಮೇರಿಯ ಸೇವಕಿ, ತುಂಬು ಬಸುರಿ ಅನ್ನಾಳ ಪಾದದ ಮೇಲಿತ್ತು. ಮೂರನೆಯ ಸರಣಿಯಲ್ಲಿ ಮನೆಯ ಕಿರಿಯ ಮಗಳು ಸಿಬಿಲ್ ಸತ್ತದ್ದನ್ನು ನಾನು ಮರೆತಿಲ್ಲ. ಕಾಲು ಊದಿತ್ತು, ಮಾತು ತಪ್ಪುತ್ತಿತ್ತು, ಊರಿನ ವೈದ್ಯ ಇದು ಅಪಾಯ ಎಂದು ಗೋಗರೆದ, ಲಂಡನ್ನಿನಿಂದ ಬಂದ ದೊಡ್ಡ ವೈದ್ಯ ಕೇಳಲಿಲ್ಲ. ಹೆತ್ತ ರಾತ್ರಿಯೇ ಫಿಟ್ಸ್ ಬಂದು ಹೋದಳು. ಅಂಥದ್ದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಆದ್ದರಿಂದ ಅನ್ನಾ ಮೇರಿಯ ಕೋಣೆಯಲ್ಲಿ, ಒಡತಿಯ ಮಂಚದ ಮೇಲೆಯೇ ಹೆತ್ತು ಮಗುವನ್ನು ಎದೆಗೆ ಹಿಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಇನ್ನೊಂದನ್ನು ಹೇಳದೆ ಇರಲಾರೆ. ಅನ್ನಾಳಿಗೆ ಬಸುರು ನಿಲ್ಲುತ್ತಿರಲಿಲ್ಲ. ಮೇರಿ ಅವಳನ್ನು ಲಂಡನ್ನಿಗೆ ಕರೆದೊಯ್ದು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸುತ್ತಾಳೆ, ಅದರಿಂದಲೇ ಈ ಮಗು ಉಳಿಯುತ್ತದೆ. ಬಸುರಿನಲ್ಲೇ ಹಾಕುವ ಆ ಹೊಲಿಗೆಗೆ ಜಗತ್ತಿನೆಲ್ಲೆಡೆ ಹೆಸರು ಬಂದದ್ದು ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಅವರಿಂದ. ನಮ್ಮ ಪಕ್ಕದ ಗೋವೆಯ ಶಿರೋಡಾದವರು, ಮುಂಬಯಿಯಲ್ಲಿ ವೈದ್ಯರಾಗಿದ್ದವರು. ಅವರು ಅದನ್ನು ಪ್ರಕಟಿಸಿದ್ದು 1955ರಲ್ಲಿ. ಧಾರಾವಾಹಿ ಅದನ್ನು ಮೂವತ್ತು ವರ್ಷ ಹಿಂದಕ್ಕೆ ಒಯ್ದು ಒಬ್ಬ ಆಂಗ್ಲ ವೈದ್ಯನ ಕೈಗೆ ಕೊಟ್ಟಿದೆ. ನಮ್ಮ ವಾರ್ಡಿನಲ್ಲಿ ಶಿರೋಡ್ಕರ್ ಹೊಲಿಗೆಯಾದ ಹೆಂಗಸರ ಮಂಚದ ಕಾಲಡಿ ಎರಡೆರಡು ಇಟ್ಟಿಗೆ ಇಟ್ಟು ಪಾದದ ಕಡೆ ಎತ್ತರಿಸುತ್ತಿದ್ದೆವು. ದಿನಗಟ್ಟಲೆ ಹಾಗೆ ಮಲಗಿ ಸೂರು ನೋಡುತ್ತಿದ್ದ ಹೆಂಗಸರು ನನಗೆ ಇಂದಿಗೂ ನೆನಪಿದ್ದಾರೆ. ಆ ಹೆಸರು ಬರಬೇಕಾದಲ್ಲಿ ಬಾರದಿದ್ದಾಗ ನೋವಾಗುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮಿಸೆಸ್ ಹ್ಯೂಸ್ ಹೇಳಬೇಕಿತ್ತು. ಕಾರ್ಸನ್‌ನ ಹೆಂಡತಿಯಾಗಿ, ಅವರ ಗುಡಿಸಲಿನಲ್ಲಿ, ದೀಪ ಆರಿಸಿದ ಮೇಲೆ. ರೋಗದ ಮಾತನ್ನು ನಾವು ಎಂದೂ ರೋಗಿಗೆ ಮಂದಿಯ ನಡುವೆ ಹೇಳುತ್ತಿರಲಿಲ್ಲ. ಪರದೆ ಎಳೆದು ಹೇಳುತ್ತಿದ್ದೆವು.

ಉತ್ತರ: ಗಜನಿ ಬಯಲು, ಅಂಕೋಲಾ

ನೀವು ಕೇಳಿದ್ದಕ್ಕೆ ನೇರವಾಗಿ ಬರುತ್ತೇನೆ, ಆದರೆ ಒಂದು ಮನೆಯ ಬಾಗಿಲು ಹಾದು ಬರಬೇಕು. ಕೊನೆಯ ಕಂತಿನಲ್ಲಿ ಎಲ್ಲರಿಗೂ ಏನಾದರೂ ಒಂದು ಸಿಕ್ಕಿತು. ಮೋಲ್ಸ್ಲಿಗೆ ಶಾಲೆ, ಡೇಸಿಗೆ ಆ್ಯಂಡಿ, ಹೆನ್ರಿಗೂ ಟಾಮ್‌ಗೂ ಕಾರಿನ ಅಂಗಡಿ, ಇಸೊಬೆಲ್‌ಗೆ ಲಾರ್ಡ್ ಮರ್ಟನ್. ಡ್ರೂ ದಂಪತಿ ಎಲ್ಲಿ?

ನೆನಪು ಮಾಡಿಕೊಳ್ಳಿ. ಈಡಿತ್ ತನ್ನ ಮಗುವನ್ನು ಗುಟ್ಟಾಗಿ ತಂದು ಬಿಟ್ಟದ್ದು ಗೇಣಿದಾರ ಡ್ರೂನ ಮನೆಯಲ್ಲಿ. ಅವನ ಹೆಂಡತಿಗೆ ಸತ್ಯವನ್ನು ಹೇಳಿರಲಿಲ್ಲ. ಅವಳು ಮಾರಿಗೋಲ್ಡ್‌ಳನ್ನು ತನ್ನ ಮಕ್ಕಳ ಜೊತೆ ಉಣಿಸಿ, ಮಲಗಿಸಿ ಬೆಳೆಸಿದಳು. ಒಂದು ದಿನ ದೊಡ್ಡ ಮನೆಯವಳು ಬಂದು ಮಗುವನ್ನು ಎತ್ತಿಕೊಂಡು ಹೋದಳು. ಆರನೆಯ ಸರಣಿಯಲ್ಲಿ ಆ ತಾಯಿ ತಡೆಯಲಾರದೆ ಜಾನುವಾರು ಜಾತ್ರೆಯಿಂದ ಮಗುವನ್ನು ಮನೆಗೆ ಕರೆತಂದಾಗ, ತಲೆಮಾರುಗಳಿಂದ ಉತ್ತ ನೆಲವನ್ನೇ ಆ ಕುಟುಂಬ ಬಿಟ್ಟು ಹೋಗಬೇಕಾಯಿತು. ಆ ಹೊಲಕ್ಕೆ ಮಿಸ್ಟರ್ ಮೇಸನ್ ಬಂದ. ಮದುವೆಯಲ್ಲಿ ಮಾರಿಗೋಲ್ಡ್ ಚೆಂದದ ಅಂಗಿ ತೊಟ್ಟು ನಿಂತಿದ್ದಾಗ ನಾನು ಹುಡುಕಿದ್ದು ಮಿಸೆಸ್ ಡ್ರೂಳ ಮುಖವನ್ನು. ಅವಳ ಹೆಸರನ್ನೂ ಯಾರೂ ಎತ್ತಲಿಲ್ಲ.

ನನ್ನ ಅಜ್ಜ ಗೇಣಿಯವನು. ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ, ಆ ನೀರು ತಡೆಯುವ ಕಟ್ಟೆ ಪ್ರತಿವರ್ಷ ಅವನೇ ಮಣ್ಣು ಹೊತ್ತು ಕಟ್ಟಬೇಕು, ಬೆಳೆದದ್ದರಲ್ಲಿ ಒಡೆಯರ ಪಾಲನ್ನು ಮೊದಲು ಅಳೆದುಕೊಡಬೇಕು. ಕೊಳಗದಲ್ಲಿ ಅಳೆಯುವಾಗ ಅಜ್ಜ ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಿದ್ದನಂತೆ, ಮನೆಯ ಒಳಗೆ ಅಜ್ಜಿಗೆ ಕೇಳಲಿ, ಎಷ್ಟು ಉಳಿಯುತ್ತದೆ ಎಂದು ಅವಳೇ ಲೆಕ್ಕ ಹಾಕಲಿ ಎಂದು. ಈ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ಗೇಣಿದಾರರನ್ನು ಒಗ್ಗೂಡಿಸಿ ಹೋರಾಡಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ನಮ್ಮ ಮನೆಗೆ ನೆಲ ಬಂದದ್ದು 1974ರ ಭೂಸುಧಾರಣೆ ಕಾಯಿದೆಯ ಮೇಲೆ, ಅಪ್ಪ ಡಿಕ್ಲರೇಶನ್ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು. ಅಜ್ಜ ಅದನ್ನು ನೋಡಲಿಲ್ಲ.

ಧಾರಾವಾಹಿಯನ್ನು ನಾನು ದ್ವೇಷಿಸಿ ಇದನ್ನು ಹೇಳುತ್ತಿಲ್ಲ. ಎರಡು ಸಲ ಪೂರ್ತಿ ನೋಡಿದ್ದೇನೆ. ಮೇರಿಯ ಮೊದಲ ಗಂಡ ಮ್ಯಾಥ್ಯೂ ಸತ್ತಾಗ ಎರಡು ದಿನ ನನಗೆ ಊಟ ಸೇರಲಿಲ್ಲ. ಬ್ಯಾರೋ ಸ್ನಾನದ ಮನೆಯಲ್ಲಿ ಪ್ರಾಣ ಕಳೆದುಕೊಳ್ಳಲು ಹೋದ ಕಂತಿನ ಮರುಕಂತೇ ಅವನಿಗೆ ಮನೆ, ಸ್ಥಾನ ಎರಡೂ ಸಿಕ್ಕಿದ್ದು ನನಗೆ ನಿಜವಾಗಿ ಸಂತೋಷ ಕೊಟ್ಟಿತು. ಆದರೆ ಆ ಮನೆಯಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎನ್ನುವುದು ಕೊನೆಯ ನಿಮಿಷದವರೆಗೂ ಮಹಡಿಯ ಮೇಲಿನವರ ಮಾತು. ಕಾರ್ಸನ್‌ನ ವಿಷಯದಲ್ಲೂ ಹಾಗೆಯೇ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು, ಹೌದು. ನಿಮ್ಮ ಯಜಮಾನರದ್ದೂ ಒಳ್ಳೆಯ ಮನಸ್ಸೇ, ನಂಬುತ್ತೇನೆ.

ನೀವು ಯಾರು ಹೇಳಬೇಕಿತ್ತು ಎಂದು ಕೇಳುತ್ತೀರಿ. ನಾನು ಬೇರೆ ಕೇಳುತ್ತೇನೆ: ಅವನನ್ನು ಯಾರಾದರೂ ಕೇಳಿದರೇ? 34 ವರ್ಷ ಮರದ ಮೇಲಿದ್ದವನಿಗೆ ತನ್ನ ಕೈ ನಡುಗುವುದು ನಿಮಗಿಂತ ಮೊದಲೇ ಗೊತ್ತಿರಲಿಲ್ಲವೇ? ಈ ಎರಡು ವರ್ಷದಲ್ಲಿ ನಿಮ್ಮ ಮನೆಯಿಂದ ಅವನ ಮನೆಗೆ ಯಾರು ಹೋಗಿದ್ದಾರೆ? ಕಟುವಾಯಿತೇನೋ. ನೀವು ಮನಸ್ಸು ಬಿಚ್ಚಿ ಬರೆದಿದ್ದರಿಂದ ನಾನೂ ಬಿಚ್ಚಿ ಬರೆದೆ.

ಉತ್ತರ: ಶರಾವತಿ ದಡ, ಹೊನ್ನಾವರ

ಒಂದು ಮಾಹಿತಿ: 2019ರಲ್ಲಿ ಬಂದ ಸಿನಿಮಾದಲ್ಲಿ ರಾಜದಂಪತಿ ಆ ಮನೆಗೆ ಬರುವಾಗ ಮೇರಿ ಹೋಗಿ ಕಾರ್ಸನ್‌ನನ್ನೇ ಮತ್ತೆ ಕರೆತರುತ್ತಾಳೆ, ಬ್ಯಾರೋಗೆ ಅದು ಅವಮಾನವಾಗುತ್ತದೆ. ನಡುಗುವ ಕೈಯನ್ನು ಅಷ್ಟು ಹತ್ತಿರದಿಂದ ತೋರಿಸಿ, ಆಮೇಲೆ ಅದನ್ನು ಮರೆತಂತೆ ಮಾಡಿದ್ದು ನನಗೆ ಸರಿಬರಲಿಲ್ಲ. ನನ್ನ ಪಾಲಿಗೆ ಕಥೆ 52ನೆಯ ಕಂತಿಗೆ ಮುಗಿದಿದೆ.

ಪ್ರಶ್ನೆಗೆ ಉತ್ತರವೆಂದಲ್ಲ, ಮನಸ್ಸಿಗೆ ಬಂದದ್ದು: ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿ ರಂಗದಲ್ಲಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಪುಣ್ಯವಂತರು, ಗೆಜ್ಜೆ ಕಟ್ಟಿದ ಕಾಲಲ್ಲೇ ಹೋದರು ಎಂದು ನಮ್ಮೂರಿನಲ್ಲಿ ಆಗ ಎಲ್ಲರ ಬಾಯಲ್ಲೂ ಇತ್ತು. ಕಾರ್ಸನ್‌ನನ್ನು ಕೇಳಿದ್ದರೆ ಅವನೂ ಅದನ್ನೇ ಬೇಡಿಕೊಳ್ಳುತ್ತಿದ್ದ ಎಂದು ನನಗೆ ಅನ್ನಿಸುತ್ತದೆ. ಅದನ್ನು ಕೊಡುವುದು ಮಾತ್ರ ಯಾರ ಕೈಯಲ್ಲೂ ಇಲ್ಲ.

ಮರುಉತ್ತರ: ತೋಟದಮನೆ, ಸಿರಸಿ

ಅಂಕೋಲೆಯವರೇ, ಕಟುವಾಗಲಿಲ್ಲ. ನಿಮ್ಮ ಮಾತು ಓದಿದ ರಾತ್ರಿ ಡ್ರೂ ಮನೆ ಬರುವ ಕಂತುಗಳನ್ನು ಮತ್ತೆ ಹಾಕಿ ನೋಡಿದೆ. ಮೊದಲ ಸಲ ನಾನು ಈಡಿತ್‌ಳ ಜೊತೆ ನಿಂತು ನೋಡಿದ್ದೆ. ಮಗುವನ್ನು ಎತ್ತಿಕೊಂಡು ಬಾಗಿಲು ದಾಟಿದಾಗ ಸದ್ಯ ಸಿಕ್ಕಿತಲ್ಲ ಎಂದುಕೊಂಡಿದ್ದೆ. ಬಾಗಿಲ ಒಳಗೆ ಉಳಿದವಳನ್ನು ನೋಡಿಯೇ ಇರಲಿಲ್ಲ. ನನ್ನ ಸೊಸೆ ಅರ್ಧಕ್ಕೆ ಎದ್ದು ಹೋಗಿ ತೊಟ್ಟಿಲಲ್ಲಿದ್ದ ಮಗುವನ್ನು ಎತ್ತಿಕೊಂಡು ಬಂದು ಕುಳಿತಳು.

ಯಾರೂ ಹೋಗಿರಲಿಲ್ಲ. ದೀಪಾವಳಿಗೆ ಬಟ್ಟೆ, ಕೊಬ್ಬರಿ ಕಳಿಸಿದ್ದೆವು, ಆಳಿನ ಕೈಯಲ್ಲಿ. ಅದನ್ನು ಹೋದ ಲೆಕ್ಕಕ್ಕೆ ಸೇರಿಸಲಾರೆ.

ನಿನ್ನೆ ಮಧ್ಯಾಹ್ನ ನಾನೂ ಯಜಮಾನರೂ ಹೋದೆವು. ಅವನ ಮನೆ ನಮ್ಮ ತೋಟದ ಕೆಳಗಿನ ಹಳ್ಳ ದಾಟಿ ಅರ್ಧ ಮೈಲಿ. ಜಗಲಿಯ ಮೇಲೆ ಕುಳಿತು ಬಾಳೆನಾರು ಸೀಳುತ್ತಿದ್ದ. ನಾರು ಹಿಡಿದಾಗ ಕೈ ನಡುಗುತ್ತಿತ್ತು, ಬಿಟ್ಟಾಗ ನಿಲ್ಲುತ್ತಿತ್ತು. ಕಾರವಾರದ ದಾದಿಯಮ್ಮ ಹೇಳಿದ್ದನ್ನು ಹಾಗೆಯೇ ಹೇಳಿದೆ. ಬುಧವಾರ ಸಿರಸಿಗೆ ವೈದ್ಯರಲ್ಲಿಗೆ ಬರುತ್ತೇನೆ ಎಂದು ಒಪ್ಪಿದ, ಅವನ ಮಗಳು ಜೊತೆಗೆ ಬರುತ್ತಾಳೆ.

ಯಜಮಾನರು ಚಹಾ ಹೊತ್ತಿನ ಮಾತನ್ನು ತಾವೇ ಎತ್ತಿದರು. "ಎಲ್ಲರ ಎದುರಿಗೆ ಹೇಳಬಾರದಿತ್ತು" ಎಂದರು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ಇಷ್ಟು: ಹಿಂದಿನ ವರ್ಷದ ಕೊಯ್ಲಿನಲ್ಲೇ ಅವನಿಗೆ ತಿಳಿದಿತ್ತಂತೆ. ನಮಗೆ ಕಾಣದಿರಲಿ ಎಂದು ಕತ್ತಿಯ ಹಿಡಿಗೆ ಬಟ್ಟೆ ಸುತ್ತಿಕೊಂಡು, ತೋಟದ ಆಚೆಯ ಸಾಲುಗಳನ್ನು ಬೆಳಿಗ್ಗೆ ಬೇಗ ಮುಗಿಸಿಬಿಡುತ್ತಿದ್ದನಂತೆ. ಆ ವರ್ಷ ಅವನು ಆಚೆಯ ಸಾಲಿನಿಂದ ಶುರುಮಾಡಿದ್ದು ನನಗೆ ನೆನಪಿದೆ. ಬಿಸಿಲಿಗೆ ಎಂದುಕೊಂಡಿದ್ದೆ.

ಈ ವರ್ಷ ಬಂದು ಕೆಳಗೆ ಕುಳಿತು ಹುಡುಗರಿಗೆ ಹೇಳಿಕೊಡು, ಕೂಲಿ ಪೂರ್ತಿ ಕೊಡುತ್ತೇವೆ ಎಂದು ಯಜಮಾನರು ಕೇಳಿದರು. ಲಾರ್ಡ್ ಗ್ರಾಂಥಮ್ ಕಾರ್ಸನ್‌ಗೆ ಕೊಟ್ಟದ್ದೂ ಇದನ್ನೇ ಅಲ್ಲವೇ? ಅವನು ಒಪ್ಪಲಿಲ್ಲ. "ಕೆಳಗೆ ನಿಂತು ಮೇಲೆ ನೋಡುವುದು ನನ್ನಿಂದ ಆಗುವುದಿಲ್ಲ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬರುವುದಿಲ್ಲ ಎನ್ನುವ ಹಾಗೆ ಹೇಳಿದ. ಯಜಮಾನರು ಒತ್ತಾಯಿಸಲಿಲ್ಲ.

ಹೊರಡುವಾಗ ಅವನು ಕೇಳಿದ್ದು ಹಗ್ಗವನ್ನು. ಅವನೇ ಹೊಸೆದ ಹಳೆಯ ಹಗ್ಗ, ನೈಲಾನ್ ಬಂದ ಮೇಲೆ ನಮ್ಮ ಮೆತ್ತಿನ ಮೇಲೆ ಸುತ್ತಿಟ್ಟದ್ದು. ಇನ್ನೂ ಇದೆಯೇ ಎಂದ. ಇದೆ ಎಂದೆ. ಇಂದು ಬೆಳಿಗ್ಗೆ ಇಳಿಸಿ ಬಿಸಿಲಿಗೆ ಹಾಕಿದ್ದೇನೆ. ಒಂದು ಕಡೆ ಇಲಿ ಕಡಿದಿದೆ, ಉಳಿದದ್ದು ಗಟ್ಟಿಯಾಗಿದೆ. ಸಂಜೆ ನಾನೇ ಒಯ್ದು ಕೊಡುತ್ತೇನೆ.